ಹದಿಮೂರನೆಯ ಎಲೆ

ಆ ಊರಿಗೆ ಒಂದು ಹೆಸರಿತ್ತೋ ಇಲ್ಲವೋ ಇನ್ನೂ ತೀರ್ಮಾನವಾಗಿಲ್ಲ. ತೀರ್ಮಾನವಾಗದೆ ಉಳಿದ ಸಂಗತಿಗಳು ಅಲ್ಲಿ ಬೇಕಾದಷ್ಟಿವೆ, ಹೆಸರು ಅವುಗಳಲ್ಲಿ ಒಂದು. ನಾವು ಸುಮ್ಮನೆ ಊರು ಎನ್ನೋಣ.

ಊರಿನ ನಡುವೆ ಎಲೆಮನೆ ಎಂಬ ಉದ್ದನೆಯ ಚಾವಡಿ. ಪ್ರತಿ ಹುಣ್ಣಿಮೆಯ ದಿನ ಹೊತ್ತು ನೆತ್ತಿಯಿಂದ ಇಳಿಯುತ್ತಿದ್ದಂತೆ ಊರಿನ ಹನ್ನೆರಡು ಮಂದಿ ತಿಳಿದವರು ಅಲ್ಲಿ ಪಂಕ್ತಿ ಕೂರುತ್ತಿದ್ದರು. ತರ್ಕ ಓದಿದವರು, ಚರಿತ್ರೆ ಬರೆದವರು, ನಾಡಿ ಹಿಡಿಯುವವರು, ನ್ಯಾಯ ವಾದಿಸುವವರು, ಹೀಗೆ ಒಬ್ಬೊಬ್ಬರು ಒಂದೊಂದು ವಿದ್ಯೆಯನ್ನು ಅರೆದು ಕುಡಿದವರು. ಮೊದಲ ಎಲೆಯ ಮುಂದೆ ಕೂರುವವರನ್ನು ಅಗ್ರದವರು ಎನ್ನುತ್ತಿದ್ದರು. ಉಣ್ಣುತ್ತ ಊರಿನ ಒಂದು ಪ್ರಶ್ನೆಯನ್ನು ಚರ್ಚಿಸುವುದು ಆ ಕೂಟದ ಕೆಲಸ. ದೀಪ ಹಚ್ಚುವ ಹೊತ್ತಿಗೆ ಕೂಟ ಮುಗಿಯುತ್ತಿತ್ತು.

ಊರಿನ ಕಟ್ಟಳೆ ಹೀಗಿತ್ತು. ಎಲೆ ಮಡಿಸಿದರೆ ಒಪ್ಪಿದಂತೆ, ತೆರೆದಿಟ್ಟು ಎದ್ದರೆ ಮಾತು ಬಾಕಿ ಇದ್ದಂತೆ. ಚಾವಡಿಯಲ್ಲಿ ಹಾಸಿದ ಎಲ್ಲ ಎಲೆಗಳೂ ಮಡಿಸಿಕೊಳ್ಳದ ಹೊರತು ಊರಲ್ಲಿ ಒಂದು ಹುಲ್ಲುಕಡ್ಡಿಯನ್ನೂ ಅತ್ತಿಂದ ಇತ್ತ ಸರಿಸುವಂತಿಲ್ಲ. ಪ್ರಶ್ನೆ ಕೇಳಿದವರೇ ಸೌಟು ಹಿಡಿದು ಬಡಿಸಬೇಕು. ಪ್ರಶ್ನೆ ತೀರುವ ತನಕ ಹುಣ್ಣಿಮೆ ಹುಣ್ಣಿಮೆಗೆ ಬಂದು ಬಡಿಸಬೇಕು, ಅಲ್ಲಿಯವರೆಗೆ ಊರು ಬಿಡುವಂತಿಲ್ಲ. ಪಂಕ್ತಿಯಲ್ಲಿ ಕೂತವರು ನಡುವೆ ಏಳುವಂತಿಲ್ಲ. ತನ್ನ ಎಲೆಗೆ ತಾನೇ ಬಡಿಸಿಕೊಳ್ಳುವಂತಿಲ್ಲ. ಪ್ರಶ್ನೆ ಹೊತ್ತವರು ಯಾರೇ ಆಗಲಿ ಅವರಿಗೂ ಮರ್ಯಾದೆ ಸಲ್ಲಬೇಕೆಂದು ಸಾಲಿನ ಕೊನೆಯಲ್ಲಿ ಹದಿಮೂರನೆಯ ಎಲೆಯೊಂದನ್ನು ಹಾಸುತ್ತಿದ್ದರು. ಎಷ್ಟು ದೊಡ್ಡ ಮನಸ್ಸು ನೋಡಿ.

ಸೂಲಗಿತ್ತಿ ಎಲೆಮನೆಯ ಮೆಟ್ಟಿಲು ಹತ್ತಿದ್ದು ಮಗಳ ಸಲುವಾಗಿ. ಊರಿನ ಅರ್ಧ ಜನ ಅವಳ ಕೈಗೆ ಹುಟ್ಟಿದವರು. ಇರುವ ಒಬ್ಬ ಮಗಳನ್ನು ಅವಳು ಕೋಟೆಗೋಡೆಯ ಆಚೆಯ ಕುಂಬಾರಗೇರಿಗೆ ಕೊಟ್ಟಿದ್ದಳು. ಆಚೆ ಎಂದರೆ ಕೂಗಿದರೆ ಓಗೊಡುವಷ್ಟು ಹತ್ತಿರ. ಗೋಡೆಯಲ್ಲೊಂದು ದಿಡ್ಡಿ ಬಾಗಿಲು, ಆಳು ತಲೆ ತಗ್ಗಿಸಿ ದಾಟುವಷ್ಟು ಸಣ್ಣದು. ಆದರೆ ಅದಕ್ಕೆ ಯಾರ ಕಾಲದಲ್ಲೋ ಯಾವ ಭಯಕ್ಕೋ ಊರಿನ ಕಡೆಯಿಂದ ಬೀಗ ಬಿದ್ದಿತ್ತು. ಕೀಲಿಕೈ ಅಗ್ರದವರ ಸೊಂಟದಲ್ಲಿತ್ತು. ಬಾಗಿಲು ಬಿಟ್ಟರೆ ಕುಂಬಾರಗೇರಿಗೆ ಗುಡ್ಡ ಸುತ್ತಿ ಹೋಗಬೇಕು, ಅರ್ಧ ದಿನದ ದಾರಿ, ಅದೂ ಕಲ್ಲುಬಂಡೆಗಳ ಏರು. ಮದುವೆಯ ದಿಬ್ಬಣವೇನೋ ಹಾಡಿಕೊಂಡು ಸುತ್ತಿ ಹೋಗಿತ್ತು. ಬಸುರಿ ಹತ್ತುವ ದಾರಿಯಲ್ಲ ಅದು.

ಮಗಳು ದಿಡ್ಡಿ ಬಾಗಿಲ ಬಿರುಕಿಗೆ ಬಾಯಿಟ್ಟು, "ಅವ್ವಾ, ಮೂರು ತಿಂಗಳು" ಎಂದ ದಿನವೇ ಹುಣ್ಣಿಮೆ. ಸೂಲಗಿತ್ತಿ ಸೆರಗು ಸಿಕ್ಕಿಸಿಕೊಂಡು ನೇರ ಎಲೆಮನೆಗೆ ನಡೆದಳು.

"ಸ್ವಾಮಿ, ನನ್ನ ಮಗಳದು ಚೊಚ್ಚಲ ಬಸುರು. ಹೆರಿಗೆಗೆ ತವರಿಗೆ ಕರ್ಕೊಂಡು ಬರಬೇಕು. ದಿಡ್ಡಿ ಬಾಗ್ಲು ತೆಗೆಸಿಕೊಡಿ."

ಹನ್ನೆರಡು ಮುಖಗಳೂ ಅರಳಿದವು. ಅದು ಮಗಳ ಸುದ್ದಿಗೆ ಎಂದು ಅವಳು ತಿಳಿದಳು. ಹಿಂದೆ ಸೌಟು ಹಿಡಿದವನು ಒಬ್ಬ ಗಾಣಿಗ. ಊರಬಾವಿಯ ಹಗ್ಗ ಸವೆದಿದೆ, ಬದಲಿಸಬಹುದೇ ಎಂದು ಕೇಳಿ ನಾಲ್ಕು ವರ್ಷ ಬಡಿಸಿದ್ದ. ಕೊನೆಗೆ ಹಗ್ಗ ತಾನಾಗಿಯೇ ಹರಿದು ಕೊಡದ ಸಮೇತ ಬಾವಿಯ ತಳ ಸೇರಿತು. ಹಗ್ಗವೇ ಇಲ್ಲವೆಂದ ಮೇಲೆ ಪ್ರಶ್ನೆಯೂ ಇಲ್ಲ ಎಂದು ಅವನನ್ನು ಬಿಟ್ಟುಬಿಟ್ಟರು. ಅದಾಗಿ ಮೂರು ಹುಣ್ಣಿಮೆ ಎಲೆಮನೆಯಲ್ಲಿ ಪ್ರಶ್ನೆಯೂ ಇರಲಿಲ್ಲ, ಊಟವೂ ಇರಲಿಲ್ಲ.

"ಒಳ್ಳೆಯ ಪ್ರಶ್ನೆ" ಎಂದರು ಅಗ್ರದವರು. "ಬಹಳ ಒಳ್ಳೆಯ ಪ್ರಶ್ನೆ. ಸೌಟು ತಗೋ ತಾಯಿ."

ಅವಳು ಸೌಟು ಹಿಡಿದಳು. ಉಪ್ಪು ಬಡಿಸಿದಳು, ಕೋಸಂಬರಿ ಬಡಿಸಿದಳು, ಪಲ್ಯ ಬಡಿಸಿದಳು, ಅನ್ನ ಬಡಿಸಿದಳು. ತರ್ಕದವರು ಅನ್ನಕ್ಕೆ ಸಾರು ಕಲಸುತ್ತ ಶುರುಮಾಡಿದರು.

"ಬಾಗಿಲನ್ನು ತೆರೆಯಬಹುದೇ ಎನ್ನುವ ಮೊದಲು ಅದು ಬಾಗಿಲೇ ಎಂಬುದು ಇತ್ಯರ್ಥವಾಗಬೇಕು. ನೂರು ವರ್ಷ ತೆರೆಯದ ಬಾಗಿಲಿಗೂ ಗೋಡೆಗೂ ವ್ಯತ್ಯಾಸವೇನು? ಅದು ಗೋಡೆಯೇ ಆಗಿದ್ದರೆ, ಗೋಡೆಯನ್ನು ತೆರೆಯಿರಿ ಎಂದು ಕೇಳುವುದು ಅಸಂಬದ್ಧ."

"ಬಿರುಕಿನಲ್ಲಿ ಗಾಳಿ ಬರ್ತದೆ ಸ್ವಾಮಿ" ಎಂದಳು ಸೂಲಗಿತ್ತಿ. "ಮಗಳ ಉಸಿರು ನನ್ನ ಕೆನ್ನೆಗೆ ತಾಕ್ತದೆ."

"ಆಹಾ" ಎಂದರು ಎಲ್ಲರೂ. ಆ ಮಾತನ್ನೂ ಚರ್ಚೆಗೆ ಸೇರಿಸಿಕೊಂಡರು. ಮಜ್ಜಿಗೆ ಬಂತು. ದೀಪ ಹಚ್ಚುವ ಹೊತ್ತಾಯಿತು. ಎಲೆಗಳು ತೆರೆದೇ ಇದ್ದವು.

ಎಲೆ ಮಡಿಸಲು ಅವರಿಗೇನು ಕಷ್ಟ ಎಂದು ನೀವು ಕೇಳಬಹುದು. ಕಷ್ಟವಿತ್ತು. ಮೊದಲು ಎಲೆ ಮಡಿಸಿದವನ ಹೊಟ್ಟೆ ಚಿಕ್ಕದು ಎಂಬ ಮಾತು ಆ ಕೂಟದಲ್ಲಿ ಚಾಲ್ತಿಯಲ್ಲಿತ್ತು. ಇನ್ನೂ ಚರ್ಚಿಸುವುದಿದೆ ಎನ್ನುವವನು ವಿದ್ವಾಂಸ, ನನಗೆ ಇಷ್ಟು ಸಾಕು ಎನ್ನುವವನು ಅಲ್ಪ. ಯಾರು ತಾನೇ ಅಲ್ಪನಾಗಲು ಒಪ್ಪುತ್ತಾರೆ?

ಎರಡನೆಯ ಹುಣ್ಣಿಮೆ. ಅವಳು ಬಡಿಸಿದಳು, ಅವರು ಉಂಡರು. ಚರಿತ್ರೆಯವರು ಬೀಗ ಹಾಕಿದವರು ಯಾರು ಎಂದು ಹುಳಿಯಿಂದ ಹಿಡಿದು ಪಾಯಸದವರೆಗೆ ಹೇಳಿದರು. ಆ ಭಯ ಯಾವುದೆಂದು ಗೊತ್ತಾಗದೆ ಬೀಗ ತೆಗೆಯುವುದು ಚರಿತ್ರೆಗೆ ಮಾಡುವ ಅಪಚಾರ ಎಂದರು. ಎಲೆಗಳು ತೆರೆದೇ ಇದ್ದವು.

ಮೂರನೆಯ ಹುಣ್ಣಿಮೆ. ಅವಳು ಬಡಿಸಿದಳು, ಅವರು ಉಂಡರು. ನ್ಯಾಯದವರು ಒಬ್ಬಳಿಗೆ ತೆರೆದರೆ ಎಲ್ಲರಿಗೂ ತೆರೆದಂತೆಯೋ, ತೆರೆದು ಮತ್ತೆ ಮುಚ್ಚಿದರೆ ಅದು ಹಳೆಯ ಮುಚ್ಚುವಿಕೆಯೋ ಹೊಸದೋ ಎಂದು ಬೆರಳು ನೆಕ್ಕುತ್ತ ಕೇಳಿದರು. ಸೂಲಗಿತ್ತಿ ನಾಡಿಯವರ ಎಲೆಯ ಮುಂದೆ ಬಗ್ಗಿ, "ಸ್ವಾಮಿ, ನೀವಾದರೂ ಹೇಳಿ. ಹೆರಿಗೆ ಅನ್ನೋದು ಕಾಯ್ತದಾ?" ಎಂದಳು. ನಾಡಿಯವರು ಕನಿಕರದಿಂದಲೇ ಅವಳನ್ನು ನೋಡಿ, ಹೆರಿಗೆ ರೋಗವಲ್ಲವಾದ್ದರಿಂದ ಅದು ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದರು. ಎಲೆಗಳು ತೆರೆದೇ ಇದ್ದವು.

ಪ್ರತಿ ಸಲವೂ ಹದಿಮೂರನೆಯ ಎಲೆ ಸಾಲಿನ ಕೊನೆಯಲ್ಲಿ ಖಾಲಿಯಾಗಿ ಇರುತ್ತಿತ್ತು. ಚಿಮುಕಿಸಿದ ನೀರು ಅದರ ಮೇಲೆ ತಾನಾಗಿಯೇ ಆರುತ್ತಿತ್ತು. ಸೂಲಗಿತ್ತಿ ಹಸಿದುಕೊಂಡೇ ಮನೆಗೆ ಹೋಗಿ ಗಂಜಿ ಕುಡಿಯುತ್ತಿದ್ದಳು.

ಹುಣ್ಣಿಮೆಗಳ ನಡುವಿನ ದಿನಗಳಲ್ಲಿ ಅವಳು ದಿಡ್ಡಿ ಬಾಗಿಲ ಬಳಿ ಕೂರುತ್ತಿದ್ದಳು. ಬಿರುಕಿನಲ್ಲಿ ಎರಡು ಬೆರಳು ತೂರುತ್ತಿದ್ದವು. ಮಗಳ ಬಯಕೆಗೆ ಉಪ್ಪಿನಕಾಯಿಯ ಹೋಳುಗಳನ್ನು ಒಂದೊಂದಾಗಿ ಆಚೆ ದಾಟಿಸುತ್ತಿದ್ದಳು. ಮಗಳ ಅತ್ತೆ, ಅಂದರೆ ಅವಳ ಬೀಗಿತಿ, ಮಡಕೆ ತಟ್ಟುವ ಹೆಂಗಸು. ಅವಳೂ ಬಂದು ಆಚೆ ಕೂರುತ್ತಿದ್ದಳು. ಒಂದು ದಿನ ಸೂಲಗಿತ್ತಿ ಹೇಳಿದಳು:

"ಬೀಗ್ತಿ, ಬಾಗ್ಲು ತೆಗೀತಾರೆ, ತೆಗೀದೇ ಏನು. ಆದ್ರೂ ಒಂದು ಮಾತು ಕೇಳಿಸ್ಕೊಂಡಿರು. ನೋವು ಬಂದಾಗ ಏನು ಮಾಡಬೇಕು, ಮಗು ತಲೆ ಕಂಡಾಗ ಏನು ಮಾಡಬೇಕು, ಹೇಳ್ತೀನಿ."

"ನನ್ನ ಕೈ ಮಣ್ಣಿನ ಕೈ ಕಣವ್ವ" ಎಂದಳು ಬೀಗಿತಿ.

"ಮಣ್ಣಿನ ಕೈಯೇ ಒಳ್ಳೇದು. ಹಸಿ ಮಡಕೆನ ಹೆಂಗೆ ಹಿಡೀತೀಯಾ, ಹಂಗೇ ಹಿಡಿಯೋದು."

ದಿನಕ್ಕೊಂದಿಷ್ಟು ಹೇಳಿದಳು. ಬೀಗಿತಿ ಮಾರನೆಯ ದಿನ ಅದನ್ನು ಒಪ್ಪಿಸಿದಳು. ಮೂರು ತಿಂಗಳಿನಿಂದ ಹನ್ನೆರಡು ಜನ ತಿಳಿದವರು ಯಾವ ಬಾಗಿಲ ಬಗ್ಗೆ ಮಾತಾಡಿದ್ದರೋ ಅದೇ ಬಾಗಿಲ ಬಿರುಕಿನಲ್ಲಿ ಇಬ್ಬರು ಹೆಂಗಸರ ನಡುವೆ ಒಂದು ಇಡೀ ವಿದ್ಯೆ ದಾಟಿಹೋಯಿತು. ಅದಕ್ಕೆ ಯಾರೂ ಎಲೆ ಮಡಿಸಬೇಕಾಗಿ ಬರಲಿಲ್ಲ.

ನಾಲ್ಕನೆಯ ಹುಣ್ಣಿಮೆಗೆ ಮುಂಚೆ ಕುಂಬಾರಗೇರಿಯಲ್ಲಿ ಬೇರೊಬ್ಬಳು ಹೆರಲಾರದೆ ಸತ್ತಳು. ಅವಳ ಗಂಡ ಬಂದು ಬಾಗಿಲಿಗೆ ತಲೆ ಚಚ್ಚಿಕೊಂಡದ್ದು ಸೂಲಗಿತ್ತಿಗೆ ಈಚೆಯಿಂದ ಕೇಳಿಸಿತು. ಅವಳು ಎಲೆಮನೆಗೆ ಬಂದವಳೇ ಸೌಟನ್ನು ಹುಳಿಯ ಪಾತ್ರೆಗೆ ಕುಕ್ಕಿದಳು.

"ಇನ್ನೂ ಇಪ್ಪತ್ತು ವರ್ಷ ತುಂಬಿರಲಿಲ್ಲ ಆ ಹುಡುಗಿಗೆ. ನೂರು ಹೆಜ್ಜೆ ಸ್ವಾಮಿ. ಬರೀ ನೂರು ಹೆಜ್ಜೆ ನಡೆದಿದ್ರೆ ಉಳಿಸ್ತಿದ್ದೆ."

ಹನ್ನೆರಡು ಮಂದಿ ಕಣ್ಣು ಮುಚ್ಚಿ ಮೌನ ಆಚರಿಸಿದರು. ಸುಳ್ಳು ದುಃಖವಲ್ಲ ಅದು, ಚರಿತ್ರೆಯವರ ಕೆನ್ನೆಯ ಮೇಲೆ ನೀರು ಇಳಿದಿತ್ತು. ಮೌನ ಮುಗಿದ ಮೇಲೆ ಅಗ್ರದವರು ಗಂಟಲು ಸರಿಮಾಡಿಕೊಂಡು, ಈ ಸಾವಿನಿಂದ ಪ್ರಶ್ನೆಯ ತೂಕ ಹೆಚ್ಚಿದೆ, ಆದ್ದರಿಂದ ಅವಸರ ಸಲ್ಲದು ಎಂದರು. ಹುಳಿಗೆ ಉಪ್ಪು ಒಂದು ಚೂರು ಮುಂದು ಎಂದು ಯಾರೋ ಅಂದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಸೂಲಗಿತ್ತಿಗೆ ಸೌಟು ಬೀಸಿ ಒಬ್ಬೊಬ್ಬರ ತಲೆಗೂ ಒಂದೊಂದು ಕೊಡಬೇಕೆನಿಸಿತು. ಕೊಡಲಿಲ್ಲ. ಮೊಸರು ಬಡಿಸಿದಳು.

ಐದನೆಯ ಹುಣ್ಣಿಮೆಯಂದು ಅವಳಿಗೆ ವಿಷಯ ತಿಳಿಯಿತು. ತಿಳಿಸಿದವರು ತರ್ಕದವರು, ಅದೂ ಪ್ರೀತಿಯಿಂದಲೇ. ಅವಳು ಎಲೆಯ ಅಂಚಿಗೆ ತುಪ್ಪ ಬಿಡುತ್ತಿದ್ದಾಗ ತಲೆದೂಗಿ ಅಂದರು:

"ಈ ಹದ ಆ ಗಾಣಿಗನಿಗೆ ಎಲ್ಲಿತ್ತು? ನಾಲ್ಕು ವರ್ಷ ಬರಿಯ ಅಳತೆ ತಪ್ಪಿಸಿ ಬಡಿಸಿದ. ನಿನ್ನ ಪ್ರಶ್ನೆ ನೂರು ಕಾಲ ಬಾಳಲಿ ತಾಯಿ."

ಸೌಟು ಅವಳ ಕೈಯಲ್ಲಿ ಹಾಗೇ ನಿಂತಿತು. ಪ್ರಶ್ನೆ ಇದ್ದರೆ ಬಡಿಸುವವರು ಇದ್ದಾರೆ, ಬಡಿಸುವವರಿದ್ದರೆ ಊಟವಿದೆ. ಪ್ರಶ್ನೆ ತೀರಿದ ಮರುದಿನದಿಂದ ಎಲೆ ಖಾಲಿ. ಇವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈಯಬಹುದಿತ್ತು, ಕಾಲು ಹಿಡಿಯಬಹುದಿತ್ತು, ಊರ ಮುಂದೆ ಮಾನ ಕಳೆಯಬಹುದಿತ್ತು. ಇವರು ಬರೀ ಹಸಿದವರು, ಇವರ ಊಟ ಅವಳ ಮಗಳ ನೋವು. ಅವತ್ತು ಗಂಜಿಯೂ ಇಳಿಯಲಿಲ್ಲ.

ಆದರೆ ಹೊಟ್ಟೆಯ ವಿಚಾರ ಸೂಲಗಿತ್ತಿಗೆ ಗೊತ್ತಿದ್ದಷ್ಟು ಆ ಹನ್ನೆರಡು ಮಂದಿಗೆ ಗೊತ್ತಿರಲಿಲ್ಲ. ಹೊಟ್ಟೆ ಎಂಬುದು ಎಷ್ಟು ಹಿಗ್ಗಿದರೂ ಒಂದು ದಿನ ಸಾಕು ಎನ್ನಲೇಬೇಕು, ಅದಕ್ಕೆ ತರ್ಕ ಗೊತ್ತಿಲ್ಲ. ಮಾತಿನಿಂದ ಮಡಿಯದ ಎಲೆಗಳನ್ನು ಊಟದಿಂದ ಮಡಿಸುತ್ತೇನೆ ಎಂದುಕೊಂಡಳು. ಆರನೆಯ ಹುಣ್ಣಿಮೆಯಂದು ಒಬ್ಬೊಬ್ಬರನ್ನೂ ಗಮನಿಸಿದಳು. ಯಾರಿಗೆ ಸಿಹಿ ಆಸೆ, ಯಾರಿಗೆ ಕರಿದದ್ದು, ಯಾರು ಉಪಚಾರಕ್ಕೆ ಕರಗುತ್ತಾರೆ, ಯಾರು ಕೈ ಅಡ್ಡ ಹಿಡಿದೂ ಬೆರಳ ಸಂದಿಯಲ್ಲಿ ದಾರಿ ಬಿಡುತ್ತಾರೆ.

ಏಳನೆಯ ಹುಣ್ಣಿಮೆ ಬಂತು. ಮಗಳಿಗೆ ಒಂಬತ್ತು ತಿಂಗಳು ತುಂಬಿತ್ತು. ಬೆಳಗಾಗುತ್ತಲೇ ಬೀಗಿತಿ ಆಚೆಯಿಂದ ಬಾಗಿಲು ಬಡಿದಳು.

"ನೋವು ಶುರುವಾಗೈತೆ ಕಣವ್ವ. ಈಗಿನ್ನೂ ಸಣ್ಣಗೆ."

ಆ ಗಳಿಗೆಯಲ್ಲಿ ಗುಡ್ಡದ ದಾರಿ ಹಿಡಿದಿದ್ದರೆ ಮಧ್ಯಾಹ್ನಕ್ಕೆ ಮುಟ್ಟುತ್ತಿದ್ದಳು. ಈ ಮಾತನ್ನು ಮುಂದೆ ಅವಳೇ ಸಾವಿರ ಸಲ ಹೇಳಿಕೊಂಡಳು. ಆದರೆ ಸೌಟು ಹಿಡಿದವಳು ಊರು ಬಿಡುವಂತಿಲ್ಲ. ಅದಕ್ಕಿಂತ ಹೆಚ್ಚಾಗಿ, ಇವತ್ತು ಎಲೆ ಮಡಿಸಿಯೇ ತೀರುತ್ತಾರೆ ಎಂಬ ನಂಬಿಕೆ. ಚೊಚ್ಚಲು, ಸಂಜೆಯಾದರೂ ಆಗುತ್ತದೆ, ಅಷ್ಟರಲ್ಲಿ ಕೀಲಿಕೈ ಕೈಗೆ ಬಂದರೆ ನೂರು ಹೆಜ್ಜೆ. ಏಳು ಹುಣ್ಣಿಮೆ ಕಾದವಳಿಗೆ ಕಾಯುವುದೇ ಚಟವಾಗಿಬಿಟ್ಟಿತ್ತೇನೋ.

ಅವತ್ತು ಅವಳು ಬಡಿಸಿದ ಹಾಗೆ ಆ ಚಾವಡಿಯಲ್ಲಿ ಯಾರೂ ಬಡಿಸಿರಲಿಲ್ಲ. ಅನ್ನ ಮುಗಿಯುವ ಮೊದಲೇ ಅನ್ನ, ಹುಳಿ ಆರುವ ಮೊದಲೇ ಹುಳಿ. ಹೋಳಿಗೆಯ ಬುಟ್ಟಿ ಹೊತ್ತು ಸಾಲಿನ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ. "ಇನ್ನೊಂದೇ ಒಂದು ಸ್ವಾಮಿ, ನನ್ನ ಮಗಳ ಹೆಸರಲ್ಲಿ" ಎನ್ನುವಳು. ಬೇಡ ಎಂದವರ ಎಲೆಗೆ ಎರಡು ಬೀಳುವವು. "ತುಪ್ಪ ಇಲ್ದೆ ಹೋಳಿಗೆ ತಿಂದ್ರೆ ಹೊಟ್ಟೆ ಬೈತದೆ" ಎಂದು ಮಿಳ್ಳೆ ಬಗ್ಗಿಸುವಳು. ಬಾಗಿಲಿನ ಪರಮಾರ್ಥದ ಬಗ್ಗೆ ತರ್ಕದವರು ತೆಗೆದ ಮಾತು ಆರನೆಯ ಹೋಳಿಗೆಗೆ ತೊದಲಿತು, ಎಂಟನೆಯದಕ್ಕೆ ನಿಂತಿತು. ಹೊಟ್ಟೆ ತುಂಬಿದವನಿಗೆ ಹುಗ್ಗಿ ಮುಳ್ಳು ಎನ್ನುತ್ತಾರಲ್ಲ, ಹತ್ತನೆಯದನ್ನು ಕಂಡಾಗ ನಾಡಿಯವರು ಮುಳ್ಳು ಕಂಡವರಂತೆ ಹಿಂದೆ ಸರಿದರು.

"ಸಾಕಮ್ಮಾ" ಎಂದರು, ಎಲೆ ಮಡಿಸಿದರು.

ಚಾವಡಿ ಬೆರಗಾಯಿತು. ಸೂಲಗಿತ್ತಿ ಮುಂದಿನ ಎಲೆಗೆ ಬಗ್ಗಿದಳು. ಚರಿತ್ರೆಯವರು ಮಡಿಸಿದರು. ನ್ಯಾಯದವರು ಸೊಂಟದ ಪಟ್ಟಿ ಸಡಿಲಿಸಿ ಇನ್ನೆರಡು ತಡೆದುಕೊಂಡು ಮಡಿಸಿದರು. ಒಂದಾದ ಮೇಲೊಂದು ಎಲೆಗಳು ಮಡಿಸಿಕೊಂಡವು. ತರ್ಕದವರು ಬೆವರುತ್ತ, ತೇಗುತ್ತ, ಇದು ಒಪ್ಪಿಗೆಯಲ್ಲ, ಹೊಟ್ಟೆಭಾರ ಎಂದು ಏನೋ ಹೇಳಹೊರಟರು. ಅವಳು ಅವರ ಬಾಯಿಯ ಮುಂದೆಯೇ ಹೋಳಿಗೆ ಹಿಡಿದಳು. ಅವರೂ ಮಡಿಸಿದರು. ಕೊನೆಗೆ ಅಗ್ರದವರು. ಹನ್ನೆರಡೂ ಎಲೆಗಳು ಮಡಿಸಿಕೊಂಡಿದ್ದವು. ಹೊರಗೆ ಇನ್ನೂ ಬಿಸಿಲಿತ್ತು.

"ಕೀಲಿಕೈ" ಎಂದು ಸೂಲಗಿತ್ತಿ ಕೈ ಚಾಚಿದಳು.

ಅಗ್ರದವರ ಕೈ ಸೊಂಟಕ್ಕೆ ಹೋಯಿತು. ಆಗ ತರ್ಕದವರು ಕೂತಲ್ಲಿಂದಲೇ ಸಾಲಿನ ಕೊನೆಯ ಕಡೆ ಬೆರಳು ತೋರಿಸಿದರು. ಅಲ್ಲಿ ಹದಿಮೂರನೆಯ ಎಲೆ ಇತ್ತು, ತೆರೆದಿತ್ತು, ಖಾಲಿ ಇತ್ತು.

"ಎಲ್ಲ ಎಲೆಗಳೂ ಎಂದಿದೆ ಕಟ್ಟಳೆ" ಎಂದರು. "ಒಂದು ಬಾಕಿ ಇದೆ."

"ಅದು ನನ್ನದು ಸ್ವಾಮಿ. ಮಡಿಸ್ತೀನಿ, ಇಗೋ."

"ಉಣ್ಣದ ಎಲೆ ಮಡಿಸುವುದು ಅಪಶಕುನ ತಾಯಿ. ಮೊದಲು ಉಣ್ಣು."

"ಬಡಿಸ್ಕೊಳ್ತೀನಿ ಹಂಗಾದ್ರೆ."

"ತನ್ನ ಎಲೆಗೆ ತಾನೇ ಬಡಿಸಿಕೊಳ್ಳುವಂತಿಲ್ಲ."

"ನೀವೇ ಯಾರಾದ್ರೂ ಎದ್ದು ಒಂದು ತುತ್ತು ಅನ್ನ ಹಾಕಿ. ಕೈ ಮುಗೀತೀನಿ. ಅಲ್ಲಿ ನನ್ನ ಮಗಳು ನೋವು ತಿಂತಾ ಅವಳೆ."

ಹನ್ನೆರಡು ಮಂದಿ ಒಬ್ಬರ ಮುಖ ಒಬ್ಬರು ನೋಡಿದರು. ಪಂಕ್ತಿಯಲ್ಲಿ ಕೂತವರು ಏಳುವಂತಿಲ್ಲ. ಸೌಟು ಪ್ರಶ್ನೆ ಕೇಳಿದವರ ಕೈಯದು. ಹಾಗಾದರೆ ಬಡಿಸುವವಳಿಗೆ ಬಡಿಸುವವರು ಯಾರು? ಆಮೇಲೆ ಹನ್ನೆರಡು ಮುಖಗಳೂ ನಿಧಾನವಾಗಿ ಅರಳಿದವು, ಅವಳು ಮೊದಲ ದಿನ ನೋಡಿದ್ದಂತೆಯೇ.

"ಇದು ಬಹಳ ಒಳ್ಳೆಯ ಪ್ರಶ್ನೆ" ಎಂದರು ಅಗ್ರದವರು.

ಮೊದಲು ತರ್ಕದವರು ತಮ್ಮ ಎಲೆಯನ್ನು ಬಿಡಿಸಿಕೊಂಡರು. ನ್ಯಾಯದವರು ಬಿಡಿಸಿಕೊಂಡರು. ಮಡಿಸಿದ ಎಲೆಗಳು ಸರಸರ ತೆರೆದುಕೊಂಡವು. ನಾಡಿಯವರೊಬ್ಬರು ಮಾತ್ರ ಸ್ವಲ್ಪ ಹೊತ್ತು ತಲೆ ತಗ್ಗಿಸಿ ಕೂತಿದ್ದರು, ಕೊನೆಗೆ ಅವರೂ ಬಿಡಿಸಿಕೊಂಡರು.

ಸೂಲಗಿತ್ತಿ ಹದಿಮೂರನೆಯ ಎಲೆಯ ಬಳಿಗೆ ನಡೆದಳು. ಕೈಯಲ್ಲಿದ್ದ ಸೌಟನ್ನು ಅದರ ನಡುವೆ ಇಟ್ಟಳು.

"ಇಗೋ. ನನ್ನ ಎಲೆಗೂ ಬಡಿಸಿ ಆಯ್ತು" ಎಂದಳು. "ಇನ್ನು ನೀವು ಉಣ್ಣಿ."

ಹೊರಗೆ ಬಂದು ಗುಡ್ಡದ ದಾರಿ ಹಿಡಿದಳು. ಹೆಜ್ಜೆಗೊಮ್ಮೆ ತನ್ನನ್ನೇ ಬೈದುಕೊಂಡಳು. ಹೋಳಿಗೆ ಹಂಚುತ್ತ ಕಳೆದೆಯಲ್ಲೇ, ಬೆಳಗ್ಗೆಯೇ ಹೊರಡಬಾರದಿತ್ತೇ, ಅವರು ಹನ್ನೆರಡು ಮಂದಿ ಪಂಡಿತರು, ನಿನಗಾದರೂ ಬುದ್ಧಿ ಬೇಡವೇ. ಹುಣ್ಣಿಮೆಯ ಬೆಳಕಿತ್ತು, ಕಲ್ಲುಗಳು ಕಾಣುತ್ತಿದ್ದವು, ಆದರೂ ಎರಡು ಸಲ ಬಿದ್ದಳು.

ಅವಳು ಕುಂಬಾರಗೇರಿ ಮುಟ್ಟಿದಾಗ ಹೆರಿಗೆಯಾಗಿ ಬಹಳ ಹೊತ್ತಾಗಿತ್ತು. ಮಗು ಒಲೆಯ ಪಕ್ಕದ ಮೊರದಲ್ಲಿ ಮಲಗಿತ್ತು. ಮಗಳು ಬಿಳಿಚಿಕೊಂಡಿದ್ದಳು, ಆದರೆ ಕಣ್ಣು ತೆರೆದು ನಕ್ಕಳು. ಬೀಗಿತಿಯ ಎರಡು ಕೈಗಳೂ ಮೊಣಕೈವರೆಗೆ ತೊಳೆದು ತೊಳೆದು ಕೆಂಪಾಗಿದ್ದವು.

"ಬಾಗ್ಲಲ್ಲಿ ನೀ ಹೇಳಿದ್ದೆಲ್ಲ ಒಂದೊಂದಾಗಿ ಕೈಗೆ ಬಂತು ಕಣವ್ವ" ಎಂದಳು ಬೀಗಿತಿ. "ಹಸಿ ಮಡಕೆ ಹಿಡಿದಂಗೆ ಹಿಡಿದೆ."

ಊರಿನ ಅರ್ಧ ಜನರನ್ನು ತನ್ನ ಕೈಯಲ್ಲಿ ಹಿಡಿದವಳಿಗೆ ತನ್ನ ಮೊಮ್ಮಗುವನ್ನು ಮೊದಲು ಹಿಡಿಯುವ ಭಾಗ್ಯ ಇರಲಿಲ್ಲ. ಮಗುವಿನ ಪಾದ ಮುಟ್ಟಿದಳು, ಮಗಳ ಹೊಟ್ಟೆ ಒತ್ತಿ ನೋಡಿದಳು, ಎಲ್ಲ ಸರಿಯಿದೆ ಎಂದು ಗೊತ್ತಾದ ಮೇಲೆ ಗೋಡೆಗೊರಗಿದಳು. ಮಗಳು ಮೆಲ್ಲಗೆ ಕೇಳಿದಳು:

"ಉಂಡೆಯಾ ಅವ್ವ?"

ಏಳು ಹುಣ್ಣಿಮೆಯಿಂದ ಆ ಮಾತನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಅವಳು ಇಲ್ಲವೆಂದು ತಲೆಯಾಡಿಸಿದಳು. ಬೀಗಿತಿ ಆಗಲೇ ಎದ್ದು ಮಣ್ಣಿನ ತಟ್ಟೆಯಲ್ಲಿ ಬಿಸಿ ಮುದ್ದೆ, ಸೊಪ್ಪಿನ ಸಾರು ಇಟ್ಟಳು. ಸೂಲಗಿತ್ತಿ ಅಳುತ್ತಲೇ ಉಂಡಳು. ಮುಗಿದ ಮೇಲೆ ಕೈ ತಾನಾಗಿಯೇ ಮಡಿಸಲು ಎಲೆಯ ಅಂಚನ್ನು ಹುಡುಕಿತು. ಮಣ್ಣಿನ ತಟ್ಟೆಯನ್ನು ಮಡಿಸುವುದು ಹೇಗೆ? ತೊಳೆದು ಬೋರಲು ಹಾಕಿದಳು.

ಬಾಣಂತನಕ್ಕೆಂದು ಮೂರು ತಿಂಗಳು ಅಲ್ಲೇ ಉಳಿದಳು. ಊರಲ್ಲಿ ಹುಣ್ಣಿಮೆ ಬಂತು, ಹನ್ನೆರಡು ಮಂದಿ ಪಂಕ್ತಿ ಕೂತರು. ಅಡುಗೆ ಒಳಗೆ ಆರಿತು. ಕೊನೆಯಲ್ಲಿ ಒಣಗಿ ಮುರುಟಿದ ಹದಿಮೂರನೆಯ ಎಲೆಯ ಮೇಲೆ ಸೌಟು ಹಾಗೇ ಬಿದ್ದಿತ್ತು. ಅದನ್ನು ಮುಟ್ಟುವ ಹಕ್ಕು ಯಾರಿಗಿದೆ ಎಂದು ಬರಿಯ ಎಲೆಗಳ ಮುಂದೆ ದೀಪ ಹಚ್ಚುವ ತನಕ ಮಾತಾಡಿ ಮನೆಗೆ ಹೋದರು. ಇನ್ನೊಂದು ಹುಣ್ಣಿಮೆಯೂ ಹಾಗೇ ಹೋಯಿತು. ಕೇಳಿದರೆ ಸೌಟು ಕೈಗೆ ಬರುತ್ತದೆ ಎಂಬುದು ಅಷ್ಟರಲ್ಲಿ ಊರಿಗೆಲ್ಲ ತಿಳಿದು ಯಾರೂ ಏನನ್ನೂ ಕೇಳದಾಗಿದ್ದರು.

ಮೂರನೆಯ ಹುಣ್ಣಿಮೆಯ ಬೆಳಗ್ಗೆ ದಿಡ್ಡಿ ಬಾಗಿಲನ್ನು ಊರಿನ ಕಡೆಯಿಂದ ಯಾರೋ ಬಡಿದರು. ಸೂಲಗಿತ್ತಿ ಮೊಮ್ಮಗುವನ್ನು ಎತ್ತಿಕೊಂಡೇ ಹೋದಳು. ಬಿರುಕಿನಲ್ಲಿ ಅಗ್ರದವರ ಒಂದು ಕಣ್ಣು ಕಾಣಿಸಿತು.

"ಸೊಸೆಗೆ ನೋವು ಬಂದಿದೆ ತಾಯಿ. ಚೊಚ್ಚಲು. ನಾಡಿಯವರು ತಮ್ಮ ವ್ಯಾಪ್ತಿಗೆ ಬಾರದು ಎಂದರು. ನೀನು ಬರಬೇಕು."

"ಬಾಗ್ಲು ತೆಗೀರಿ, ಈಗಲೇ ಬರ್ತೀನಿ."

ಬಿರುಕಿನಲ್ಲಿದ್ದ ಕಣ್ಣು ನೆಲ ನೋಡಿತು.

"ಕೀಲಿಕೈ ನಿಮ್ಮ ಸೊಂಟದಲ್ಲೇ ಐತಲ್ಲ ಸ್ವಾಮಿ. ಬೀಗವೂ ನಿಮ್ಮ ಕಡೇನೇ ಐತೆ."

"ಇದೆ" ಎಂದರು ಅಗ್ರದವರು. ಅವರ ದನಿ ಒಡೆದಿತ್ತು. "ಇದೆ ತಾಯಿ. ಅದನ್ನು ಬಳಸಬಹುದೇ ಎಂದು ಇವತ್ತು ಎಲೆಮನೆಯಲ್ಲಿ ಕೇಳುತ್ತೇನೆ. ನಾನೇ ಸೌಟು ಹಿಡಿಯುತ್ತೇನೆ."

ಸೂಲಗಿತ್ತಿಗೆ ಬಾಗಿಲಿಗೆ ಒದೆಯಬೇಕೆನಿಸುವಷ್ಟು ಸಿಟ್ಟು ಬಂತು. ಆ ಕಣ್ಣಿನಲ್ಲಿ ನೀರಿತ್ತು, ಆ ನೀರು ನಿಜವಾದದ್ದು, ಅದೇ ಅವಳನ್ನು ಇನ್ನೂ ರೇಗಿಸಿತು. ಆದರೆ ಅಲ್ಲಿ ನೋವು ತಿನ್ನುತ್ತಿದ್ದವಳು ಯಾರದೋ ಮಗಳು. ಮಗುವನ್ನು ಬೀಗಿತಿಯ ಕೈಗೆ ಕೊಟ್ಟಳು, ಗಂಟು ಕಟ್ಟಿಕೊಂಡಳು, ಈ ಸಲ ಒಂದು ಗಳಿಗೆಯನ್ನೂ ಕಳೆಯದೆ ಗುಡ್ಡದ ದಾರಿ ಹಿಡಿದಳು.

ಮಧ್ಯಾಹ್ನ ತಿರುಗುವ ಹೊತ್ತಿಗೆ ಅಗ್ರದವರ ಮನೆ ಮುಟ್ಟಿದಳು. ಎಲೆಮನೆಯ ಮುಂದೆಯೇ ಹಾದು ಬಂದಳು, ಒಳಗೆ ನೋಡಲಿಲ್ಲ. ಹೆರಿಗೆ ಸುಲಭದ್ದಾಗಿರಲಿಲ್ಲ. ಇನ್ನು ಸ್ವಲ್ಪ ತಡವಾಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ. ಹೊತ್ತು ಮುಳುಗುವ ಮೊದಲು ಹೆಣ್ಣು ಮಗುವೊಂದು ಅವಳ ಕೈಗೆ ಬಂದು ಅತ್ತಿತು. ಮನೆಯ ಹೆಂಗಸರು ಅವಳನ್ನು ಕೂರಿಸಿ, ಎಲೆ ಹಾಕಿ, ಮೊದಲು ಊಟ ಬಡಿಸಿದರು.

ಮರಳುವಾಗ ಅವಳು ಎಲೆಮನೆಯ ಕಿಟಕಿಯ ಬಳಿ ನಿಂತಳು. ಮೊದಲ ಎಲೆಯ ಜಾಗ ಖಾಲಿ ಇತ್ತು. ಹನ್ನೊಂದು ಮಂದಿ ಕೂತಿದ್ದರು, ಮೂರು ತಿಂಗಳ ಹಸಿವಿನ ಮೇಲೆ ಉಣ್ಣುತ್ತಿದ್ದರು, ಮುಖದಲ್ಲಿ ಕಳೆ ಬಂದಿತ್ತು. ಸಾಲಿನ ಕೊನೆಯಲ್ಲಿ ಹೊಸ ಎಲೆಯೊಂದು ಖಾಲಿ ಇತ್ತು. ಅಗ್ರದವರು ಸೆರಗಿನಂತೆ ಶಲ್ಯವನ್ನು ಸೊಂಟಕ್ಕೆ ಸಿಕ್ಕಿಸಿ ಸೌಟು ಹಿಡಿದು ಬಡಿಸುತ್ತಿದ್ದರು.

"ಹೆಣ್ಣು ಮಗು ಸ್ವಾಮಿ" ಎಂದಳು ಸೂಲಗಿತ್ತಿ ಕಿಟಕಿಯಿಂದ. "ತಾಯಿ ಮಗು ಇಬ್ರೂ ಚೆನ್ನಾಗವ್ರೆ. ಬಂದು ನೋಡಿ."

ಸೌಟು ಗಾಳಿಯಲ್ಲಿ ನಿಂತಿತು. ಅಗ್ರದವರ ಮುಖ ಮಗುವಿನ ಮುಖದಂತೆ ಅಳುವುದಕ್ಕೂ ನಗುವುದಕ್ಕೂ ನಡುವೆ ಸಿಕ್ಕಿಕೊಂಡಿತು. ಅವರು ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟರು.

"ಎಲ್ಲಿಗೆ?" ಎಂದರು ತರ್ಕದವರು, ತುತ್ತು ಕಲಸುತ್ತ. "ನೀವು ಕೇಳಿದ್ದು ಮಗುವಿನ ಪ್ರಶ್ನೆಯಲ್ಲ, ಬಾಗಿಲಿನದು. ಬಾಗಿಲು ಇನ್ನೂ ಹಾಗೇ ಇದೆ. ಅಷ್ಟಕ್ಕೂ ಅದು ಬಾಗಿಲೇ ಎಂಬುದು..."

ಅಗ್ರದವರು ಕಿಟಕಿಯ ಕಡೆ ತಿರುಗಿದರು. "ಬರುತ್ತೇನೆ ಎಂದು ಹೇಳು ತಾಯಿ" ಎಂದರು. "ಎಲೆ ಮಡಿಸಿದ ಕೂಡಲೇ ಬರುತ್ತೇನೆ."

ಸೂಲಗಿತ್ತಿ ಆ ಹನ್ನೊಂದು ಎಲೆಗಳನ್ನು ನೋಡಿದಳು, ಕೊನೆಯ ಖಾಲಿ ಎಲೆಯನ್ನು ನೋಡಿದಳು. ತಿರುಗಿ ನಡೆದಳು. ಒಳಗೆ ಅಗ್ರದವರು ಮುಂದಿನ ಎಲೆಗೆ ಬಗ್ಗಿದರು. ಬಗ್ಗಿದಾಗೆಲ್ಲ ಅವರ ಸೊಂಟದ ಕೀಲಿಕೈ ಹುಳಿಯ ಪಾತ್ರೆಗೆ ತಗುಲಿ ಸದ್ದಾಗುತ್ತಿತ್ತು, ಅವಳು ಬೀದಿಯ ತಿರುವು ದಾಟುವ ತನಕ ಅದು ಕೇಳುತ್ತಲೇ ಇತ್ತು.